ಲೆಕ್ಕ ಸರಿಯಿದ್ದರೂ ಉತ್ತರ ತಾಳೆಯಾಗುತ್ತಿಲ್ಲ: ದತ್ತಾಂಶ ನಿರೂಪಣೆಯ ಅಭ್ಯಾಸ

ಎಂಟುಮನೆ

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯ ಕಂಪ್ಯೂಟರ್ ಪರೀಕ್ಷೆಗೆ ಇನ್ನು ಹನ್ನೊಂದು ದಿನ ಉಳಿದಿದೆ. ದತ್ತಾಂಶ ನಿರೂಪಣೆಯ ಪಾಠ ಅರ್ಥವಾಗಿದೆ ಎಂದುಕೊಂಡು ಅಭ್ಯಾಸ ಪತ್ರಿಕೆ ಬಿಡಿಸಲು ಕುಳಿತೆ. ನಾಲ್ಕು ಪ್ರಶ್ನೆಗಳು ಉತ್ತರ ಸೂಚಿಯೊಂದಿಗೆ ತಾಳೆಯಾಗುತ್ತಿಲ್ಲ. ಕೂಡುವುದು, ಗುಣಿಸುವುದು ಎಲ್ಲವನ್ನೂ ಮೂರು ಬಾರಿ ಪರಿಶೀಲಿಸಿದ್ದೇನೆ.

ಪ್ರಶ್ನೆ 3: 10110100 ಇದರ ದಶಮಾನ ಬೆಲೆ. ನನಗೆ 180 ಬಂತು, ಸೂಚಿಯಲ್ಲಿ −76 ಎಂದಿದೆ.
ಪ್ರಶ್ನೆ 5: 01100100 + 00110010 ಕೂಡಿದಾಗ ಓವರ್‌ಫ್ಲೋ ಆಗುತ್ತದೆಯೇ? ಒಂಬತ್ತನೆಯ ಬಿಟ್ ಬರಲೇ ಇಲ್ಲವಲ್ಲ ಎಂದು ‘ಇಲ್ಲ’ ಎಂದು ಬರೆದೆ. ಸೂಚಿ ‘ಹೌದು’ ಎನ್ನುತ್ತದೆ.
ಪ್ರಶ್ನೆ 8: 200 × 100 ಪಿಕ್ಸೆಲ್, 16 ಬಣ್ಣಗಳ ಚಿತ್ರ. ನನ್ನ ಉತ್ತರ 40,000 ಬೈಟ್, ಸೂಚಿಯದು 10,000.
ಪ್ರಶ್ನೆ 9: ಒಂದು ನಿಮಿಷದ ಸ್ಟೀರಿಯೊ ಧ್ವನಿ, ಸೆಕೆಂಡಿಗೆ 44,100 ಸ್ಯಾಂಪಲ್, ಪ್ರತಿ ಸ್ಯಾಂಪಲ್ 16 ಬಿಟ್. ನನಗೆ 10.09 ಮೆಗಾಬೈಟ್, ಸೂಚಿಯಲ್ಲಿ 10.58.

ಸೂಚಿಯಲ್ಲೇ ಮುದ್ರಣ ದೋಷವಿರಬಹುದೇ?

ಶಾಯಿಬುಡ್ಡಿ

3ನೆಯದರಲ್ಲಿ ನಿಮ್ಮದೇ ಸರಿ. 128 + 32 + 16 + 4 = 180. ಸೂಚಿ ತಪ್ಪು. ಇಂಥ ಸೂಚಿಗಳನ್ನು ನಂಬಬೇಡಿ.

ಹಳೆಕೀಲಿಮಣೆ

ಶಾಯಿಬುಡ್ಡಿಯವರೇ, ಸ್ವಲ್ಪ ತಡೆಯಿರಿ. ಒಂದೇ ಪತ್ರಿಕೆಯಲ್ಲಿ ನಾಲ್ಕು ಮುದ್ರಣ ದೋಷ, ನಾಲ್ಕೂ ಒಬ್ಬರ ಪಾಲಿಗೇ ಬಂದವೆಂದರೆ ನನಗೆ ನಂಬಿಕೆ ಬರುವುದಿಲ್ಲ.

ಎಂಟುಮನೆ, ನೀವು ಪ್ರಶ್ನೆಗಳ ಸಾರಾಂಶ ಕೊಟ್ಟಿದ್ದೀರಿ. ಪತ್ರಿಕೆಯಲ್ಲಿ ಇದ್ದದ್ದನ್ನು ಇದ್ದಂತೆಯೇ, ಮೇಲಿನ ಸೂಚನೆಗಳನ್ನೂ ಸೇರಿಸಿ ಬರೆಯಿರಿ.

ಎಂಟುಮನೆ

ಬರೆಯಲು ಹೋದಾಗಲೇ ಎರಡು ಕಣ್ಣಿಗೆ ಬಿದ್ದವು. ‘ಆ’ ಭಾಗದ ತಲೆಯಲ್ಲಿ ಹೀಗಿದೆ: “3ರಿಂದ 6ರವರೆಗಿನ ಎಲ್ಲ ಸಂಖ್ಯೆಗಳೂ 8 ಬಿಟ್‌ಗಳ ಟೂಸ್ ಕಾಂಪ್ಲಿಮೆಂಟ್ ರೂಪದಲ್ಲಿವೆ.” 9ನೆಯ ಪ್ರಶ್ನೆಯ ಕೊನೆಯಲ್ಲಿ: “1 ಮೆಗಾಬೈಟ್ = 10,00,000 ಬೈಟ್ ಎಂದು ತೆಗೆದುಕೊಳ್ಳಿ.” ನಾನು ನೇರವಾಗಿ ಅಂಕಿಗಳಿಗೆ ಹಾರಿದ್ದೆ. ಆದರೆ 5 ಮತ್ತು 8 ಈಗಲೂ ತಿಳಿಯುತ್ತಿಲ್ಲ.

ಹಳೆಕೀಲಿಮಣೆ

ಅಲ್ಲೇ ಗಂಟಿದೆ. 10110100 ಎಂಬುದಕ್ಕೆ ತನ್ನದೇ ಆದ ಬೆಲೆಯಿಲ್ಲ. ಋಣ ಚಿಹ್ನೆಯಿಲ್ಲದ ಸಂಖ್ಯೆ ಎಂದು ಓದಿದರೆ 180, ಋಣ ಸಂಖ್ಯೆಗಳನ್ನೂ ಬರೆಯಬಲ್ಲ ಟೂಸ್ ಕಾಂಪ್ಲಿಮೆಂಟ್ ಎಂಬ ಕ್ರಮದಲ್ಲಿ ಓದಿದರೆ −76, ಷೋಡಶಮಾನದಲ್ಲಿ, ಅಂದರೆ ಹದಿನಾರರ ಆಧಾರದಲ್ಲಿ, ಬರೆದರೆ ಬಿ4. ಓದುವ ಕ್ರಮ ಯಾವುದು ಎಂದು ಪ್ರಶ್ನೆಯೇ ಹೇಳಬೇಕು. ನಿಮ್ಮ ಪತ್ರಿಕೆ ಹೇಳಿದೆ, ನೀವು ಕೇಳಿಸಿಕೊಳ್ಳಲಿಲ್ಲ.

ಟೂಸ್ ಕಾಂಪ್ಲಿಮೆಂಟ್ ಬಂದ ಕೂಡಲೇ ‘ತಿರುಗಿಸು, ಒಂದು ಕೂಡು’ (0 ಇದ್ದಲ್ಲಿ 1, 1 ಇದ್ದಲ್ಲಿ 0 ಮಾಡಿ, 1 ಕೂಡು) ಎಂಬ ಮಂತ್ರ ಜಪಿಸುವವರೇ ಹೆಚ್ಚು. ಮಂತ್ರ ತಪ್ಪಲ್ಲ. ಆದರೆ ಯಾವಾಗ ತಿರುಗಿಸಬೇಕು, ಯಾವಾಗ ಬಾರದು ಎಂಬ ಗೊಂದಲ ಹುಟ್ಟುವುದೂ ಅದರಿಂದಲೇ. ದಶಮಾನದಲ್ಲಿ ಬಿಡಿ, ಹತ್ತು, ನೂರು, ಸಾವಿರ ಎಂದು ಸ್ಥಾನಬೆಲೆ ಕಲಿತಿದ್ದೀರಲ್ಲ, ಇಲ್ಲೂ ಅದೇ ಸಾಕು. ಸ್ಥಾನಗಳು ಎಡದಿಂದ −128, 64, 32, 16, 8, 4, 2, 1. ಬದಲಾದದ್ದು ಎಡತುದಿಯ ಸ್ಥಾನ ಮಾತ್ರ, ಅದು ಋಣವಾಯಿತು. ಈಗ ಸುಮ್ಮನೆ ಕೂಡಿ: −128 + 32 + 16 + 4 = −76. ತಿರುಗಿಸುವ ಗೊಡವೆಯೇ ಇಲ್ಲ. 01001100 ಬಂದರೂ ಇದೇ ಸಾಲು ನಡೆಯುತ್ತದೆ: 64 + 8 + 4 = 76. ಎಂಟು ಬಿಟ್‌ಗಳಲ್ಲಿ −128ರಿಂದ 127ರವರೆಗೆ ಮಾತ್ರ ಹಿಡಿಯುತ್ತದೆ ಎಂಬುದೂ ಇದೇ ಸಾಲಿನಿಂದ ತಾನಾಗಿ ಬರುತ್ತದೆ, ಬಾಯಿಪಾಠ ಬೇಕಿಲ್ಲ.

ಈ ವ್ಯಾಪ್ತಿಯನ್ನು ಹಿಡಿದುಕೊಂಡು 5ನೆಯ ಪ್ರಶ್ನೆಗೆ ಬನ್ನಿ. 01100100 ಎಂದರೆ 100, 00110010 ಎಂದರೆ 50. ಮೊತ್ತ 150. ಅದು 127ರ ಆಚೆಗಿದೆ. ಕೂಡಿದಾಗ ಬರುವ 10010110 ಅನ್ನು ಮೇಲಿನ ಸಾಲಿಟ್ಟು ಓದಿದರೆ −106. ಎರಡು ಧನ ಸಂಖ್ಯೆಗಳನ್ನು ಕೂಡಿ ಋಣ ಸಂಖ್ಯೆ ಪಡೆದಿರಿ. ಓವರ್‌ಫ್ಲೋ ಎಂದರೆ ಅದು.

ನೀವು ಹುಡುಕಿದ್ದು ಕ್ಯಾರಿ. (ಅದನ್ನು ‘ದಶಕ’ ಎನ್ನಲು ನನ್ನ ನಾಲಿಗೆ ತವಕಿಸುತ್ತದೆ. ಆದರೆ ಇಲ್ಲಿ ಹತ್ತು ತುಂಬುವುದಿಲ್ಲ, ಎರಡಕ್ಕೇ ಮುಂದಿನ ಮನೆಗೆ ಜಿಗಿಯುತ್ತದೆ.) ಒಂಬತ್ತನೆಯ ಬಿಟ್‌ಗೆ ಕ್ಯಾರಿ ಬರುವುದಕ್ಕೂ ಟೂಸ್ ಕಾಂಪ್ಲಿಮೆಂಟ್‌ನ ಓವರ್‌ಫ್ಲೋಗೂ ಸಂಬಂಧವಿರಲೇಬೇಕೆಂದಿಲ್ಲ. ನೀವೇ ಮಾಡಿ ನೋಡಿ: 11011011 + 01010000. ಕ್ಯಾರಿ ಬರುತ್ತದೆಯೇ? ಉತ್ತರ ಸರಿಯಿದೆಯೇ? ನಾನು ಹೇಳುವುದಿಲ್ಲ.

ಶಾಯಿಬುಡ್ಡಿ

ನಾನು ಅವಸರಪಟ್ಟೆ, ಒಪ್ಪಿದೆ. ಆದರೆ 9ನೆಯ ಪ್ರಶ್ನೆಯ ಬಗ್ಗೆ ತಕರಾರಿದೆ. ಕಂಪ್ಯೂಟರಿನಲ್ಲಿ ಸಾವಿರ ಎಂದರೆ 1024 ಅಲ್ಲವೇ? 10,00,000 ಎಂದು ಹಾಕಿದ್ದು ಪತ್ರಿಕೆಯವರ ಸೋಮಾರಿತನ.

ಎರಡರಘಾತ

ಸೋಮಾರಿತನವಲ್ಲ. 1024ರ ಲೆಕ್ಕಕ್ಕೆ ಬೇರೆ ಹೆಸರೇ ಇದೆ: ಕಿಬಿಬೈಟ್, ಮೆಬಿಬೈಟ್. ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ ಈ ಹೆಸರುಗಳನ್ನು ಅಂಗೀಕರಿಸಿತು. ಅದರಂತೆ ಕಿಲೋ ಎಂದರೆ 1000, ಕಿಬಿ ಎಂದರೆ 1024. ಹಳೆಯ ರೂಢಿ ಸತ್ತಿಲ್ಲ ನಿಜ, ಈಗಲೂ ಎರಡೂ ಬಳಕೆಯಲ್ಲಿವೆ, ಅದಕ್ಕೇ ಪತ್ರಿಕೆ ಬಿಡಿಸಿ ಹೇಳಿದೆ. 44,100 × 16 × 2 × 60 ಮಾಡಿ (ಸ್ಟೀರಿಯೊ ಎಂದರೆ ಎರಡು ವಾಹಿನಿ, ಅದಕ್ಕೇ 2) 8ರಿಂದ ಭಾಗಿಸಿದರೆ (8 ಬಿಟ್‌ಗೆ 1 ಬೈಟ್) 1,05,84,000 ಬೈಟ್. ಹತ್ತು ಲಕ್ಷದಿಂದ ಭಾಗಿಸಿದರೆ 10.58 ಮೆಗಾಬೈಟ್, 1024ರಿಂದ ಎರಡು ಬಾರಿ ಭಾಗಿಸಿದರೆ 10.09 ಮೆಬಿಬೈಟ್. ಎಂಟುಮನೆಯವರ ಲೆಕ್ಕವೂ ತಪ್ಪಲ್ಲ, ಏಕಮಾನದ ಹೆಸರು ತಪ್ಪು.

8ನೆಯದನ್ನು ನಾನೇ ಹೇಳಿಬಿಡುತ್ತೇನೆ. 16 ಬಣ್ಣ ಎಂದರೆ 16 ಬಿಟ್ ಅಲ್ಲ. ಪ್ರತಿ ಪಿಕ್ಸೆಲ್‌ನಲ್ಲಿ ‘ಎಷ್ಟನೆಯ ಬಣ್ಣ’ ಎಂಬುದನ್ನಷ್ಟೇ ಬರೆದಿಡಬೇಕು. 0ರಿಂದ 15ರವರೆಗಿನ ಸಂಖ್ಯೆಗೆ 4 ಬಿಟ್ ಸಾಕು. 20,000 × 4 = 80,000 ಬಿಟ್, ಅಂದರೆ 10,000 ಬೈಟ್. 256 ಬಣ್ಣಕ್ಕೆ 8 ಬಿಟ್, 257ನೆಯ ಬಣ್ಣ ಬಂದರೆ 9. ಈ ಕೊನೆಯದನ್ನು ಪರೀಕ್ಷೆಯಲ್ಲಿ ಕೆಣಕಿ ಕೇಳುತ್ತಾರೆ, ಎಚ್ಚರ.

ಎಂಟುಮನೆ

11011011 ಎಂದರೆ −37, ಇನ್ನೊಂದು 80. ಕ್ಯಾರಿ ಬಂತು. ಅದನ್ನು ಬಿಟ್ಟರೆ ಉಳಿದದ್ದು 00101011, ಅಂದರೆ 43. ಉತ್ತರ ಸರಿ, ಓವರ್‌ಫ್ಲೋ ಇಲ್ಲ! ಒಂದು ಧನ, ಒಂದು ಋಣ ಕೂಡಿದರೆ ಓವರ್‌ಫ್ಲೋ ಆಗಲು ಸಾಧ್ಯವೇ ಇಲ್ಲ ಅಲ್ಲವೇ?

ಈಗ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಮೊದಲು ‘ಯಾವ ರೂಪ, ಯಾವ ಏಕಮಾನ’ ಎಂದು ಪೆನ್ಸಿಲ್‌ನಲ್ಲಿ ಬರೆದು, ಆಮೇಲೆ ಅಂಕಿ ಮುಟ್ಟುತ್ತಿದ್ದೇನೆ. ಎರಡನೆಯ ಪತ್ರಿಕೆಯಲ್ಲಿ ಒಂದೇ ತಪ್ಪು. ಅದೂ 1 ಇದ್ದಲ್ಲಿ 0 ನಕಲು ಮಾಡಿದ್ದು.

ಇನ್ನೊಂದು ಸಂದೇಹ. ಪಠ್ಯದ ಗಾತ್ರ ಪರೀಕ್ಷಿಸಲೆಂದು ‘ಕನ್ನಡ’ ಎಂಬ ಒಂದೇ ಪದವನ್ನು ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಒಂದು ಕ್ರಮ) ಕಡತವಾಗಿ ಉಳಿಸಿದೆ. ಮೂರು ಅಕ್ಷರ, ಆದರೆ ಕಡತದ ಗಾತ್ರ 16 ಬೈಟ್. ಮೂರರಿಂದ ಭಾಗವೇ ಆಗುವುದಿಲ್ಲ.

ಹಳೆಕೀಲಿಮಣೆ

ಹೌದು, ಧನ ಮತ್ತು ಋಣ ಕೂಡಿದರೆ ಮೊತ್ತ ಅವೆರಡರ ನಡುವೆಯೇ ಬೀಳುತ್ತದೆ, ವ್ಯಾಪ್ತಿ ದಾಟುವ ಮಾತಿಲ್ಲ.

ಕಡತದ ವಿಷಯ. ಕಣ್ಣಿಗೆ ಮೂರು ಅಕ್ಷರ, ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯೂನಿಕೋಡ್‌ಗೆ ಐದು ಸಂಕೇತ: ಕ, ನ, ವಿರಾಮ ಚಿಹ್ನೆ (ಅಕ್ಷರವನ್ನು ಅರ್ಧಾಕ್ಷರ ಮಾಡುವ ಗುರುತು, ಪೂರ್ಣವಿರಾಮದಂಥದ್ದಲ್ಲ), ಮತ್ತೆ ನ, ಡ. ಒತ್ತಕ್ಷರಕ್ಕೆ ಪ್ರತ್ಯೇಕ ಸಂಖ್ಯೆಯಿಲ್ಲ, ನ ಮತ್ತು ನ ನಡುವೆ ವಿರಾಮ ಚಿಹ್ನೆ ಇಟ್ಟರೆ ಅದು ಒತ್ತಾಗಿ ಕೆಳಗಿಳಿಯುತ್ತದೆ. ಕನ್ನಡದ ಪ್ರತಿ ಸಂಕೇತ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುತ್ತದೆ. 5 × 3 = 15. ಇಂಗ್ಲಿಷಿನ ಅಕ್ಷರವಾಗಿದ್ದರೆ ಒಂದೇ ಬೈಟ್, ಏಕೆಂದರೆ ಇಂಗ್ಲಿಷಿಗೆ ಮೊದಲಿನಿಂದ ಇದ್ದ ಆಸ್ಕಿ ಪಟ್ಟಿಯ 128 ಸಂಕೇತಗಳನ್ನು ಯುಟಿಎಫ್-8 ಇದ್ದಂತೆಯೇ ಉಳಿಸಿಕೊಂಡಿದೆ.

ಉಳಿದ ಒಂದು ಬೈಟ್ ಎಲ್ಲಿಂದ ಬಂತು ಎಂದು ಹುಡುಕಿ. ಪದದ ಕೊನೆಗೆ ಕರ್ಸರ್ ಒಯ್ದು ನೋಡಿ.

ಎಂಟುಮನೆ

ಕೊನೆಯಲ್ಲಿ ಎಂಟರ್ ಒತ್ತಿದ್ದೆ. ಕೆಳಗೊಂದು ಖಾಲಿ ಸಾಲಿತ್ತು. ಅಳಿಸಿ ಉಳಿಸಿದೆ, 15 ತೋರಿಸುತ್ತಿದೆ.

ಎರಡರಘಾತ

ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಮಾಡಿದ್ದರೆ ಆ ಖಾಲಿ ಸಾಲಿಗೆ ಸಾಮಾನ್ಯವಾಗಿ ಎರಡು ಬೈಟ್ ಹೋಗುತ್ತಿತ್ತು, 17 ನೋಡಿ ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಿರಿ.