ಪದಚರ್ಚೆ: ‘ಸ್ಟೇಲ್ ಸೀಡ್‌ಬೆಡ್’ ಹಳಸಿದ ಮಡಿಯೆ? ಅಗೆ, ಹರಗು, ಕೆತ್ತು: ಯಾವುದು ಎಲ್ಲಿಗೆ?

ಬಿತ್ತನೆಗೆ ಮುಂಚೆಯೇ ಕಳೆ ತಗ್ಗಿಸುವ ವಿಧಾನಗಳನ್ನು ಕನ್ನಡದಲ್ಲಿ ಬರೆಯಹೊರಟಾಗ ಎರಡು ಪದ ತೊಡಕು ಕೊಡುತ್ತವೆ: ‘ಸ್ಟೇಲ್ ಸೀಡ್‌ಬೆಡ್’ ಮತ್ತು ‘ಫಾಲ್ಸ್ ಸೀಡ್‌ಬೆಡ್’. ‘ಹಳಸಿದ ಬೀಜಮಡಿ’, ‘ಸುಳ್ಳು ಬೀಜಮಡಿ’ ಎಂದುಬಿಟ್ಟರೆ ಪದಕ್ಕೆ ಪದ ಕೂತಿತು, ಕೆಲಸ ಏನೆಂದು ಓದುಗನಿಗೆ ತಿಳಿಯಲಿಲ್ಲ. ಹಳಸುವುದೆಂದರೆ ಕೆಡುವುದು, ನಾತ ಬರುವುದು. ಇಲ್ಲಿ ಮಣ್ಣು ಕೆಟ್ಟಿಲ್ಲ; ಹದ ಮಾಡಿದ ಮಡಿಯನ್ನು ಬೇಕೆಂದೇ ಬಿತ್ತದೆ ಬಿಟ್ಟಿದ್ದಾರೆ.

ಪದ ಹುಡುಕುವ ಮೊದಲು ಕೆಲಸ ನೋಡಬೇಕು. ನಾಳೆಯೇ ಬಿತ್ತುವಂತೆ ಮಡಿಯನ್ನು ಪೂರ್ತಿ ಸಿದ್ಧಮಾಡುವುದು: ಹೆಂಟೆ ಒಡೆದು, ಗೊಬ್ಬರ ಬೆರೆಸಿ, ಮೇಲ್ಮೈ ಮಟ್ಟಮಾಡಿ, ನೀರು ಕೊಡುವುದು. ಆಮೇಲೆ ಬೆಚ್ಚಗಿನ ದಿನಗಳಲ್ಲಾದರೆ 10–14 ದಿನ, ತಂಪಿದ್ದರೆ 3–4 ವಾರ ಕಾಯುವುದು. ಈ ಅವಧಿಯಲ್ಲಿ ಮೇಲ್ಮಣ್ಣು ಒಣಗಬಾರದು. ಒಣಗಿದರೆ ಕಳೆಬೀಜ ಮೊಳೆಯದೆ ಉಳಿದು, ಬೆಳೆಗೆ ನೀರು ಬಿಟ್ಟ ಮೇಲೆ ಏಳುತ್ತದೆ. ಸಣ್ಣ ಬೀಜದ ಕಳೆಗಳು ಬಹುಪಾಲು ಮೇಲಿನ 5 ಸೆಂ.ಮೀ. ಒಳಗಿಂದಲೇ ಹುಟ್ಟುವುದರಿಂದ ಆ ಪದರದ ಬೀಜವನ್ನು ಮೊಳೆಸಿ ಕೊಂದರೆ, ಕೆಳಗಿನದನ್ನು ಕೆದಕದಿದ್ದರೆ, ಬೆಳೆಗೆ ಎದುರಾಳಿ ಕಡಿಮೆ. ವಿಧಾನದ ಜೀವ ಇರುವುದು ಆ ಕೊನೆಯ ಮಾತಿನಲ್ಲಿ, ಕೆಳಗಿನದನ್ನು ಕೆದಕದಿರುವುದರಲ್ಲಿ.

ಕಾಯುವ ತನಕ ಎರಡೂ ಒಂದೇ. ಬೇರೆಯಾಗುವುದು ಕೊಲ್ಲುವ ಬಗೆಯಲ್ಲಿ. ‘ಫಾಲ್ಸ್’ನಲ್ಲಿ ಮೊಳೆತ ಕಳೆಯನ್ನು ಮೇಲ್ಪದರವನ್ನಷ್ಟೇ ಆಡಿಸಿ ಕೀಳುತ್ತಾರೆ. ‘ಸ್ಟೇಲ್’ನಲ್ಲಿ ಮಣ್ಣು ಮುಟ್ಟುವುದೇ ಇಲ್ಲ, ಬೆಂಕಿಯ ಜ್ವಾಲೆ ಹಾಯಿಸಿಯೋ ಕಳೆನಾಶಕ ಸಿಂಪಡಿಸಿಯೋ ಕೊಲ್ಲುತ್ತಾರೆ. ಇಂಗ್ಲಿಷಿನಲ್ಲೇ ಹಲವರು ಎರಡನ್ನೂ ಕಲಸಿ ಬಳಸುತ್ತಾರೆ, ಕನ್ನಡದಲ್ಲಿ ನಾವು ಕಲಸಬೇಕಾಗಿಲ್ಲ.

ಮೊದಲನೆಯದಕ್ಕೆ, ಅಂದರೆ ‘ಫಾಲ್ಸ್’ಗೆ, ‘ಹುಸಿಮಡಿ’ ಒಪ್ಪುತ್ತದೆ. ಹುಸಿ ಅಂದಾಗ ಬರಿಯ ಸುಳ್ಳಲ್ಲ, ನಂಬಿಸಿ ಕೈಕೊಡುವುದೂ ಅದರಲ್ಲಿದೆ. ಬಿತ್ತುತ್ತಾರೆಂದು ನಂಬಿ ಕಳೆ ಮೊಳೆಯುತ್ತದೆ. ‘ಸ್ಟೇಲ್’ಗೆ ‘ತಂಗುಮಡಿ’ ಎಂಬುದು ನನ್ನ ಸೂಚನೆ: ತಂಗು ಎಂದರೆ ಇದ್ದಲ್ಲೇ ಕೆಲ ಹೊತ್ತು ನಿಲ್ಲು. ಕೇಳಿದ ಕೂಡಲೇ ‘ತಂಗಳು’ ನೆನಪಾಗಬಹುದು, ಆದರೆ ಅದು ತಣ್ + ಕೂಳ್‌ನಿಂದ ಬಂದದ್ದು, ಬೇರೆಯೇ ಮಾತು. ‘ಬೀಳುಮಡಿ’ ಮಾತ್ರ ಬೇಡ. ಬೀಳು ಬಿಡುವುದೆಂದರೆ ಸಾಗುವಳಿ ಇಲ್ಲದೆ ಬಿಡುವುದು. ಬೀಳಿನಲ್ಲಿ ಕಳೆ ಬೀಜ ಕಟ್ಟುತ್ತದೆ, ಇಲ್ಲಿ ಎರಡೆಲೆಯಲ್ಲೇ ಸಾಯಬೇಕು. ‘ಪಾತಿ’ಯೋ ‘ಮಡಿ’ಯೋ ಎಂಬುದಕ್ಕೆ ಹೆಚ್ಚು ಜಗ್ಗಾಟ ಬೇಡ. ಗಿಡದ ಬುಡದ ಸುತ್ತ ನೀರು ನಿಲ್ಲಲು ಮಾಡಿದ್ದಕ್ಕೂ ಪಾತಿ ಎನ್ನುವುದರಿಂದ, ಬಿತ್ತನೆಯ ಜಾಗಕ್ಕೆ ಮಡಿ ಸ್ಪಷ್ಟ. ಸಸಿಮಡಿ, ಏರುಮಡಿ ಆಗಲೇ ಬಳಕೆಯಲ್ಲಿವೆ.

ನಾಮಪದ ತಪ್ಪಿದರೆ ಓದುಗ ಗೊಂದಲಗೊಳ್ಳುತ್ತಾನೆ. ಕ್ರಿಯಾಪದ ತಪ್ಪಿದರೆ ಮಡಿಯೇ ಹಾಳು. ‘ಮಣ್ಣನ್ನು ಅಗೆದು ಕಳೆ ತೆಗೆಯಿರಿ’ ಎಂದು ಬರೆದದ್ದನ್ನು ನಂಬಿದವನು ಗುದ್ದಲಿಯನ್ನು ಗೇಣುದ್ದ ಇಳಿಸುತ್ತಾನೆ. ಕತ್ತಲಲ್ಲಿ ಮಲಗಿದ್ದ ಬೀಜ ಬೆಳಕಿಗೆ ಬರುತ್ತದೆ, ಎರಡು ವಾರ ಕಾದದ್ದು ನೀರಿನಲ್ಲಿ ಹೋಮ. ಕಾಡುದಂಟಿನಂಥ ಕಳೆಗಳ ಸಣ್ಣ ಬೀಜಕ್ಕೆ ಮೊಳೆಯಲು ಬೆಳಕಿನ ಸುಳಿವೇ ಸಾಕು. ‘ಅಗೆ’ ಎಂಬುದು ಆಳದ ಮಾತು. ಮಡಿ ಕಟ್ಟುವಾಗ ಬರಲಿ, ಕಾದ ಮೇಲೆ ಬರಬಾರದು. ಆಗ ಬೇಕಾದದ್ದು 2–3 ಸೆಂ.ಮೀ. ಮೀರದ ಕೆಲಸ. ಅದಕ್ಕೆ ಕನ್ನಡದಲ್ಲಿ ಬೇಕಾದಷ್ಟು ಮಾತುಗಳಿವೆ. ಕುಂಟೆ ಹೊಡೆಯುವವರ ‘ಹರಗು’ ಇದೆ: ಅಲಗು ಮಣ್ಣಿನಡಿ ಅಡ್ಡ ಹಾಯ್ದು ಬೇರು ಕತ್ತರಿಸುತ್ತದೆ, ಮಣ್ಣು ಮಗುಚುವುದಿಲ್ಲ. ಅಂಗಳದ ಹುಲ್ಲಿಗೆ ಹೇಳುವ ‘ಕೆತ್ತು’ ಇದೆ, ಇನ್ನೂ ತೆಳುವಾದದ್ದಕ್ಕೆ ‘ಹೆರೆ’ ಇದೆ. ಕೈಗುದ್ದಲಿಯ ಸಣ್ಣ ಮಡಿಗೆ ‘ಕೆತ್ತು’, ಉದ್ದ ಸಾಲಿಗೆ ‘ಹರಗು’ ಎಂದು ಬಳಸಿದರೆ ಆಳವನ್ನು ಬೇರೆಯಾಗಿ ವಿವರಿಸುವ ಶ್ರಮವೇ ಅರ್ಧ ಇಳಿಯುತ್ತದೆ. ಅಷ್ಟಾದರೂ ಅಳತೆ ಬರೆಯುವುದು ಒಳ್ಳೆಯದು.

ಯಾವಾಗ ಕೆತ್ತಬೇಕು ಎಂಬುದಕ್ಕೂ ಒಂದು ಪದ ಬೇಕಾಗಿದೆ. ಹಸಿರು ಕಾಣುವ ಮೊದಲೇ ಬೆರಳಿನಿಂದ ಮೇಲ್ಮಣ್ಣು ಸರಿಸಿದರೆ, ಕಣಗಳ ನಡುವೆ ಬಿಳಿಯ ಎಳೆಗಳು ಕಾಣುತ್ತವೆ, ದಾರದ ತುಣುಕು ಉದುರಿಸಿದಂತೆ. ಆಗ ಹಲ್ಲುಗಳಿರುವ ರೇಕನ್ನು ಮೆಲ್ಲಗೆ ಎಳೆದರೂ ಸಾಕು, ಒಂದು ಗಂಟೆಯ ಬಿಸಿಲಿಗೆ ಸಾಯುತ್ತವೆ. ಇಂಗ್ಲಿಷಿನಲ್ಲಿ ಇದು ‘ವೈಟ್ ಥ್ರೆಡ್’ ಹಂತ, ‘ಬಿಳಿನೂಲು ಹಂತ’ ಎಂದರೆ ನೇರವಾಗಿ ತಿಳಿಯುತ್ತದೆ. ನಾಲ್ಕೆಲೆ ಬಂದ ಮೇಲೆ, ಅದರಲ್ಲೂ ಮೋಡವಿದ್ದ ದಿನ ಕೆತ್ತಿದರೆ, ಬಿದ್ದಲ್ಲೇ ಬೇರು ಬಿಡುವ ಕಳೆಗಳಿವೆ. ಗೋಣಿಸೊಪ್ಪು ಅದರಲ್ಲಿ ಮುಂದು.

ತಂಗುಮಡಿಯ ಜ್ವಾಲೆಗೆ ‘ಸುಡು’ ಎಂದು ಬರೆದರೂ ತಪ್ಪೇ. ಕಳೆ ಬೂದಿಯಾಗಬೇಕಿಲ್ಲ. ಒಂದು ಕ್ಷಣ ಶಾಖ ತಾಗಿ ಜೀವಕೋಶ ಒಡೆದರೆ ಸಾಕು. ಎಲೆಯನ್ನು ಹೆಬ್ಬೆರಳಿನಲ್ಲಿ ಒತ್ತಿದಾಗ ಕಪ್ಪು ಹಸಿರು ಗುರುತು ಉಳಿದರೆ ಕೆಲಸ ಆಗಿದೆ. ‘ಬಾಡಿಸು’ ಸರಿಯಾದ ಮಾತು. ಹುಲ್ಲಿನ ಜಾತಿಯ ಸುಳಿ ಮಣ್ಣಿನೊಳಗೆ ಇರುವುದರಿಂದ ಅದು ಮತ್ತೆ ಚಿಗುರುತ್ತದೆ ಎಂಬುದನ್ನೂ ಸೇರಿಸಬೇಕು.

‘ಪ್ಲಾಸ್ಟಿಕ್ ಹೊದಿಕೆ’ ಎಂಬ ಒಂದೇ ಮಾತು ಎರಡು ವಿರುದ್ಧ ಕೆಲಸಕ್ಕೆ ಬಳಕೆಯಾಗುತ್ತಿದೆ. ಪಾರದರ್ಶಕ ಹಾಳೆ (25–50 ಮೈಕ್ರಾನ್) ಬಿಸಿಲನ್ನು ಒಳಬಿಟ್ಟು ಒದ್ದೆ ಮಣ್ಣನ್ನು ಕಾಯಿಸುತ್ತದೆ. ಅಂಚನ್ನು ಮಣ್ಣಿನಲ್ಲಿ ಹೂತು, ಕಡುಬೇಸಿಗೆಯಲ್ಲಿ 4–6 ವಾರ ಇಡಬೇಕು. ಇದೇ ಸೌರೀಕರಣ. ಬಿಸಿಲು ಸಾಲದ ಕಾಲದಲ್ಲಿ ಅದೇ ಹಾಳೆ ಕಳೆಗೆ ಬೆಚ್ಚನೆಯ ಮನೆಯಾಗುತ್ತದೆ. ಕಪ್ಪು ಹಾಳೆ ಕಾಯಿಸುವುದಕ್ಕಿಂತ ಹೆಚ್ಚಾಗಿ ಕತ್ತಲು ಮಾಡುತ್ತದೆ. ಬೀಜ ಮೊಳೆತು ಬೆಳಕಿಲ್ಲದೆ ಸೊರಗುತ್ತದೆ. ಅದಕ್ಕೆ ‘ಕತ್ತಲ ಹೊದಿಕೆ’, ಬೆಳೆಯ ಜೊತೆಗೇ ಉಳಿಯುವ ಒಣಸೊಪ್ಪು, ಹುಲ್ಲು, ರಟ್ಟಿಗೆ ‘ಮುಚ್ಚಿಗೆ’ ಎಂದು ಬೇರ್ಪಡಿಸಬಹುದು. ರಟ್ಟು ಹಾಸುವಾಗ ಅಂಚುಗಳು 15 ಸೆಂ.ಮೀ. ಒಂದರ ಮೇಲೊಂದು ಬರಬೇಕು. ಸಂದಿ ಬಿಟ್ಟಲ್ಲೇ ಗರಿಕೆ ತಲೆಯೆತ್ತುತ್ತದೆ.

ಇವೆಲ್ಲ ಬೀಜದಿಂದ ಹುಟ್ಟುವ ಕಳೆಗೆ. ಜೇಕಿನ ಗೆಡ್ಡೆ, ಗರಿಕೆಯ ಬೇರುಕಾಂಡಕ್ಕೆ ಹುಸಿಮಡಿ ಸಾಲದು. ಹರಗಿದರೆ ತುಂಡಾದಷ್ಟೂ ಹೆಚ್ಚುತ್ತವೆ, ಜೇಕಿನ ಮೊನೆ ಹಾಳೆಯನ್ನೇ ತೂತು ಮಾಡಿ ಬರುತ್ತದೆ. ಅಲ್ಲಿ ಮಾತ್ರ ಮೊದಲೇ ‘ಅಗೆದು ಆರಿಸು’ ಎಂದೇ ಬರೆಯಬೇಕು.

ಬಲ್ಲವರಲ್ಲಿ ಕೇಳಬೇಕಾದದ್ದು ಎರಡು. ಬಿಳಿನೂಲಿನ ಹಂತದ ಕಳೆಗೆ ನಿಮ್ಮ ಕಡೆಯ ಮಾತಿನಲ್ಲಿ ಆಗಲೇ ಹೆಸರಿದೆಯೆ? ‘ಹರಗು’ ತಿಳಿಯದ ಕಡೆ, ಮಣ್ಣು ಮಗುಚದೆ ಬೇರು ಕತ್ತರಿಸುವ ಕೆಲಸಕ್ಕೆ ‘ಕೆತ್ತು’ ಅಲ್ಲದೆ ಇನ್ನೇನು ಹೇಳುತ್ತಾರೆ?