ಸಹಾಯ ಬೇಕು: ಕ್ಯಾಲ್ಕುಲೇಟರ್ ಉತ್ತರದಲ್ಲಿ ಘನಮೂಲದ ಚಿಹ್ನೆ ಬರುದಿಲ್ಲ

ನಮಸ್ಕಾರ, ನಾನು ಬದಿಯಡ್ಕದವ, ಪ್ಲಸ್ ಟು ಮಕ್ಕಳಿಗೆ ಮನೇಲಿ ಟ್ಯೂಷನ್ ಮಾಡ್ತೇನೆ. ಭಾವ ದುಬೈಯಿಂದ ಬರುವಾಗ ಒಂದು ಟಿಐ ಎನ್‌ಸ್ಪೈರ್ ಸಿಎಎಸ್ (ಉತ್ತರವನ್ನು ದಶಮಾಂಶ ಮಾಡದೆ ಚಿಹ್ನೆಯಲ್ಲೇ ಕೊಡುವ ಕ್ಯಾಲ್ಕುಲೇಟರ್) ತಂದು ಕೊಟ್ಟಿದ್ರು, ಅದ್ರಲ್ಲಿ ರೂಟ್ 8 ಹೊಡೆದ್ರೆ 2√2 ಅಂತ ಚಂದ ಬರ್ತದೆ, ಆದ್ರೆ 16ರ ಕ್ಯೂಬ್ ರೂಟಿಗೆ ನಾನು ರೂಟ್ ಚಿಹ್ನೆ ಹಾಕಿಯೇ ಕೊಟ್ರೂ ಉತ್ತರ 2·2^(1/3), ಅಂದ್ರೆ ಘಾತದಲ್ಲಿ ಭಿನ್ನರಾಶಿ. ಎರಡೂ ಒಂದೇ ಅಂತ ನಂಗೆ ಗೊತ್ತುಂಟು ಮಾರಾಯ್ರೆ, ಪುಸ್ತಕದಲ್ಲಿ ∛ ನೋಡಿದ ಮಕ್ಕಳು "ತಪ್ಪಾಯ್ತಾ ಸರ್" ಅಂತ ಕೇಳ್ತಾರೆ.

(-8)^(1/3)ರ ಕತೆ ಬೇರೆಯೇ, ರಿಯಲ್ ಮೋಡಲ್ಲಿ (ವಾಸ್ತವ ಸಂಖ್ಯೆ ಮಾತ್ರ) -2, ರೆಕ್ಟ್ಯಾಂಗುಲರಿಗೆ (a+bi ರೂಪದ ಸಂಕೀರ್ಣ ಸಂಖ್ಯೆ) ಹಾಕಿದ್ರೆ 1+√3·i, ಅದು ಪ್ರಧಾನ ಮೂಲ, ಅಂದ್ರೆ ಮೂರು ಘನಮೂಲಗಳಲ್ಲಿ ಮುಖ್ಯ ಅಂತ ಹಿಡಿಯುವಂಥದ್ದು, ಅಂತ ಆಮೇಲೆ ತಲೆಗೆ ಹೋಯ್ತು.

ಉತ್ತರವನ್ನೂ ರೂಟ್ ಚಿಹ್ನೆಯಲ್ಲೇ ತೋರಿಸುವ ಸೆಟ್ಟಿಂಗ್ ಎಲ್ಲಾದ್ರೂ ಉಂಟಾ? ಬಳಸಿದವ್ರು ಯಾರಾದ್ರೂ ಇದ್ರೆ ಹೇಳಿ, ಶನಿವಾರ ಕ್ಲಾಸುಂಟು.