‘ಆರ್ಡರ್ ಆಫ್ ಲಿಬರ್ಟಿ’: ಈ ‘ಆರ್ಡರ್’ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಿಗೆ ನಮಸ್ಕಾರ.

ಪೋರ್ಚುಗಲ್ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಓರ್ದೆಂ ದಾ ಲಿಬೆರ್ದಾದೆ’ ಎಂಬ ರಾಷ್ಟ್ರಗೌರವದ ಮಾತು ಬರುತ್ತದೆ, ಇಂಗ್ಲಿಷಿನಲ್ಲಿ ‘ಆರ್ಡರ್ ಆಫ್ ಲಿಬರ್ಟಿ’. 1974ರ ಏಪ್ರಿಲ್ 25ರಂದು ಅಲ್ಲಿನ ಸೈನಿಕರು ಸರ್ವಾಧಿಕಾರವನ್ನು ಕೆಡವಿದರು. ಜನ ಅವರ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಪ್ರಜಾಪ್ರಭುತ್ವಕ್ಕೂ ಸ್ವಾತಂತ್ರ್ಯಕ್ಕೂ ದುಡಿದವರಿಗೆಂದು 1976ರಲ್ಲಿ ಈ ಗೌರವ ಹುಟ್ಟಿತು.

ಕರಡಿನಲ್ಲಿ ಅವಸರಕ್ಕೆ ‘ಸ್ವಾತಂತ್ರ್ಯದ ಆದೇಶ’ ಎಂದು ಬರೆದುಬಿಟ್ಟಿದ್ದೆ. ಓದಿದ ಗೆಳೆಯರೊಬ್ಬರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಯಾರು ಯಾರಿಗೆ ಹೊರಡಿಸಿದ್ದು ಮಾರಾಯ್ರೆ?’ ಎಂದು ಗೀಚಿ ಕಳಿಸಿದ್ದಾರೆ.

‘ಪ್ರಶಸ್ತಿ’ ಎಂದರೆ ಕೆಲಸ ನಡೆಯುತ್ತದೆ, ಆದರೂ ಏನೋ ಜಾರಿಹೋಗುತ್ತದೆ. ಆರ್ಡರ್ ಎಂದರೆ ಹಳೆಯ ಯುರೋಪಿನಲ್ಲಿ ದೀಕ್ಷೆ ಹೊತ್ತ ಯೋಧರ ಕೂಟ. ಅದನ್ನು ಪಡೆಯುವುದಲ್ಲ, ಅದಕ್ಕೆ ಸೇರುವುದು. ಇಂದಿಗೂ ಒಳಗೆ ಮೆಟ್ಟಿಲುಗಳಿವೆ, ತುತ್ತತುದಿಯದು ‘ಗ್ರ್ಯಾಂಡ್ ಕಾಲರ್’ (ಅಂಗಿಯ ಕಾಲರ್ ಅಲ್ಲ, ಕಂಠೀಹಾರ!). ‘ಶ್ರೇಣಿ’ಗೆ ಹಿಂದೆ ಕಸುಬುದಾರರ ಕೂಟವೆಂಬ ಅರ್ಥವೂ ಇತ್ತು, ಆದರೆ ಈಗ ಅದನ್ನು ಕೇಳಿದರೆ ವೇತನ ಶ್ರೇಣಿಯೇ ಕಣ್ಣಮುಂದೆ ಬರುತ್ತದೆ.

‘ಬಿರುದು’ ಹೆಸರಿಗೆ ಅಂಟಿಕೊಳ್ಳುವಂಥದ್ದು. ಮೈಸೂರು ಅರಸರಿಂದ ಬಂದ ‘ರಾಜಸೇವಾಸಕ್ತ’ ಬಿಎಂಶ್ರೀ ಅವರ ಹೆಸರಿನ ಹಿಂದೆ ನಿಂತಿದ್ದು ಹಾಗೆ. ಪ್ರಜೆಗಳ ಆಳ್ವಿಕೆಗೆ ದುಡಿದವರನ್ನು ಅದೇ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ನಮ್ಮ ಸಂವಿಧಾನದ 18ನೇ ವಿಧಿಯೂ ಬಿರುದುಗಳನ್ನು ಕಿತ್ತುಹಾಕಿದೆ; ಪದ್ಮ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಹಚ್ಚಿಕೊಳ್ಳಕೂಡದೆಂದು ಸುಪ್ರೀಂ ಕೋರ್ಟೂ ಹೇಳಿದೆ. ಆಹ್ವಾನಪತ್ರಿಕೆ ಅಚ್ಚು ಹಾಕಿಸುವವರು ಕೇಳಬೇಕಲ್ಲ!

ಹಳಗನ್ನಡದ ‘ತೊಡರ್’ ಮೇಲೆ ಆಸೆ ಹುಟ್ಟಿತ್ತು. ವೀರರು ಕಾಲಿಗೆ ತೊಡುತ್ತಿದ್ದ ಬಿರುದಿನ ಬಳೆ ಅದು. ಆದರೆ ಅದೇ ಪದಕ್ಕೆ ಸಂಕೋಲೆ ಎಂಬ ಅರ್ಥವೂ ಇದೆ. ಸ್ವಾತಂತ್ರ್ಯಕ್ಕೆ ದುಡಿದವರ ಕಾಲಿಗೆ ಸಂಕೋಲೆಯೇ? ಬಿಟ್ಟೆ.

‘ಲಿಬರ್ಟಿ’ಗೆ ‘ವಿಮೋಚನೆ’ ಆಗದೇ ಎಂದು ಅದೇ ಗೆಳೆಯರು ಕೇಳಿದರು. ‘ಗೋವಾ ವಿಮೋಚನೆ’ ಎನ್ನುವಾಗ ನಮಗೆ ನೆನಪಾಗುವುದು 1961ರ ಡಿಸೆಂಬರಿನಲ್ಲಿ ಇದೇ ಪೋರ್ಚುಗಲ್ ಕೈಯಿಂದ ಬಿಡಿಸಿಕೊಂಡದ್ದು. ಅದು ನಡೆದುಹೋದ ಘಟನೆ. ಇಲ್ಲಿ ಹೇಳಬೇಕಾದದ್ದು ಉಳಿಸಿಕೊಳ್ಳಬೇಕಾದ ಸ್ಥಿತಿ, ಹಾಗಾಗಿ ‘ಸ್ವಾತಂತ್ರ್ಯ’ವೇ ಸರಿ.

ಸದ್ಯಕ್ಕೆ ‘ಸ್ವಾತಂತ್ರ್ಯ ಗೌರವಗಣ’ ಎಂದಿಟ್ಟುಕೊಂಡಿದ್ದೇನೆ. ‘ಅವರನ್ನು ಗೌರವಗಣಕ್ಕೆ ಸೇರಿಸಿಕೊಳ್ಳಲಾಯಿತು’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ಬ್ರಿಟಿಷರ ಕಾಲದ ಕನ್ನಡ ಪತ್ರಿಕೆಗಳಲ್ಲಿ ಅವರ ‘ಆರ್ಡರ್’ಗಳಿಗೆ ಬೇರೆ ಪದ ಬಳಸಿದ್ದನ್ನು ಯಾರಾದರೂ ನೋಡಿದ್ದರೆ ದಯವಿಟ್ಟು ತಿಳಿಸಿ.